ಮೈಟೊಕಾಂಡ್ರಿಯಾ ಡಿಎನ್ಎ: ಅವ್ವನ ಕಡೆಯ ಗುರುತು

ತುಂಗಭದ್ರೆಯ ನೀರು ಇಳಿದಾಗ ಹಾವೇರಿ ಕಡೆಯ ದಂಡೆಯಲ್ಲಿ ಹಳೆಯ ಎಲುಬು ಸಿಕ್ಕವು ಅಂದುಕೊಳ್ಳಿ. ಬಟ್ಟೆಯಿಲ್ಲ, ಮುಖವಿಲ್ಲ. ಯಾರದು ಅಂತ ಪತ್ತೆ ಮಾಡೋದು ಹೇಗೆ? ಧಾರವಾಡದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಓದುವವರಿಗೆ ಇದು ಪಾಠ. ಉಳಿದವರಿಗಾಗಿ ಈ ನಾಲ್ಕು ಮಾತು.

ನಾವು ಸುಮ್ನೆ ಡಿಎನ್ಎ ಅನ್ನುವುದು ಜೀವಕೋಶದ ನ್ಯೂಕ್ಲಿಯಸ್ಸಿನೊಳಗಿನದು. ಅರ್ಧ ಅಪ್ಪನದು, ಅರ್ಧ ಅವ್ವನದು. ಕೋಶಕ್ಕೆ ಅದರ ಎರಡೇ ಪ್ರತಿ. ವರ್ಷಗಟ್ಟಲೆ ಮಳೆ ಬಿಸಿಲು ತಿಂದ ಎಲುಬಿನಲ್ಲಿ ಅದು ಚೂರಾಗಿ ಹೋಗಿರುತ್ತದೆ. ಆದರೆ ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದಲ್ಲಿ ಬೇರೆಯೇ ಪುಟ್ಟ ಡಿಎನ್ಎ ಇದೆ. ಬಳೆಯಂತೆ ದುಂಡಗೆ, ಬರೀ 16,569 ಅಕ್ಷರ ಜೋಡಿ (ಡಿಎನ್ಎ ಬರಹದ ರಾಸಾಯನಿಕ ತುಣುಕುಗಳಿಗೆ ಅಕ್ಷರ ಅನ್ನುತ್ತೇವೆ). ಒಂದೊಂದು ಕೋಶದಲ್ಲೂ ಅದರ ನೂರಾರು, ಸಾವಿರಾರು ಪ್ರತಿ. ಹಾಗಾಗಿ ಹಳೆಯ ಎಲುಬು, ಹಲ್ಲು, ಬುಡವಿಲ್ಲದ ಕೂದಲಿನಲ್ಲೂ ಸಿಗುವ ಸಾಧ್ಯತೆ ಜಾಸ್ತಿ.

ಇದು ಬರುವುದು ಅವ್ವನಿಂದ. ಗಂಡುಮಕ್ಕಳಿಗೂ ಬರುತ್ತದೆ, ಅವರಿಂದ ಮುಂದಕ್ಕೆ ಹೋಗುವುದಿಲ್ಲ. ಎಲುಬಿನದರ ಜೊತೆ ಹೋಲಿಸಿ ನೋಡಲು ಸತ್ತವನ ಅವ್ವ ಇಲ್ಲದಿದ್ದರೆ ಅಕ್ಕ, ತಂಗಿ, ಅವರ ಮಕ್ಕಳು, ಚಿಕ್ಕವ್ವ, ಸೋದರಮಾವ, ಯಾರ ರಕ್ತವಾದರೂ ನಡೆಯುತ್ತದೆ. ಅವನ ಸ್ವಂತ ಮಕ್ಕಳದು ನಡೆಯುವುದಿಲ್ಲ.

ನಮ್ಮ ಕಡೆ ಇದಕ್ಕೊಂದು ತಿರುವು ಇದೆ. ಅಕ್ಕನ ಮಗಳನ್ನೇ ಮದುವೆಯಾಗುವುದು ಇಲ್ಲಿ ಹೊಸದಲ್ಲ ಅಲ್ವಾ? ಅಂಥ ಮನೆಯಲ್ಲಿ ಗಂಡ, ಹೆಂಡತಿ ಇಬ್ಬರಿಗೂ ಇದು ಬಂದಿರುವುದು ಒಬ್ಬಳೇ ಹಿರಿಯಳಿಂದ. ಮಕ್ಕಳಿಗೂ ಅದೇ. ಅಪ್ಪ ಕೊಡದಿದ್ದರೂ ಅಪ್ಪ ಮಕ್ಕಳದು ಹೊಂದುತ್ತದೆ! ರಕ್ತ ತೆಗೆಯುವ ಮೊದಲು ಬೀಗತನದ ಲೆಕ್ಕ ಕೇಳಿಕೊಳ್ಳುವುದು ಒಳ್ಳೆಯದು.

ಇಲ್ಲೇ ಇದರ ಮಿತಿಯೂ ಕಾಣುತ್ತದೆ. ಹೊಂದಿತು ಅಂದರೆ ‘ಇವನೇ’ ಅಂತಲ್ಲ, ‘ಈ ತಾಯಿ ಕಡೆಯವನು ಇರಬಹುದು’ ಅಂತ. ಸಂಬಂಧವೇ ಇಲ್ಲದವರದೂ ಕೆಲವೊಮ್ಮೆ ಒಂದೇ ಥರ ಇರುತ್ತದೆ. ಹಲವು ಕಡೆ ಬೇರೆಯಾಗಿದ್ದರೆ ‘ಇವನಲ್ಲ’ ಅನ್ನಬಹುದು. ಒಂದೇ ಅಕ್ಷರ ಬೇರೆಯಾದರೆ ಮಾತ್ರ ತಲೆನೋವು.

1918ರಲ್ಲಿ ಕೊಲೆಯಾದ ರಷ್ಯಾದ ರಾಜಮನೆತನದ ವಿಷಯದಲ್ಲಿ ಹಾಗೇ ಆಯಿತು. 1991ರಲ್ಲಿ ಯೆಕಟೆರಿನ್‌ಬರ್ಗ್ ಹತ್ತಿರ ಎಲುಬುಗಳನ್ನು ಅಗೆದು ತೆಗೆದರು. ರಾಣಿ ಅಲೆಕ್ಸಾಂಡ್ರಾಳದು ಬ್ರಿಟನ್ನಿನ ಪ್ರಿನ್ಸ್ ಫಿಲಿಪ್ ರಕ್ತದೊಂದಿಗೆ ಹೊಂದಿತು. ಅವರು ಆಕೆಯ ಅಕ್ಕನ ಮಗಳ ಮಗ. ದೊರೆ ಎರಡನೇ ನಿಕೋಲಸ್‌ನದು ಮಾತ್ರ ಒಂದು ಜಾಗದಲ್ಲಿ ಬೆರಕೆ: ಎರಡು ಬೇರೆ ಅಕ್ಷರ ಒಟ್ಟಿಗೇ ಕಂಡವು, ಅವನ ತಾಯಿ ಕಡೆಯ ನೆಂಟರಲ್ಲಿ ಇದ್ದದ್ದು ಒಂದೇ. ಅನುಮಾನ ಎದ್ದಿತು. ಕೊನೆಗೆ ಅವನ ತಮ್ಮ ಗಿಯೋರ್ಗಿಯ ಸಮಾಧಿ ತೆಗೆಸಿದರು. ಅವನ ಎಲುಬಿನಲ್ಲೂ ಅದೇ ಜಾಗದಲ್ಲಿ ಅದೇ ಬೆರಕೆ ಇತ್ತು.