ಒಂದೇ ಮಾತ್ರೆ, ಬೇರೆ ಬೇರೆ ಹೊಟ್ಟೆ

ಕರುಳಿನ ಬ್ಯಾಕ್ಟೀರಿಯಾ ಬಗ್ಗೆ ಈಗ ಎಲ್ಲರೂ ಮಾತಾಡುತ್ತಾರೆ. ಬೊಜ್ಜು, ಮೊಡವೆ, ಮಂಡಿನೋವು, ಮರೆವು, ಬೇಸರ, ಯಾವ ತೊಂದರೆ ಹೇಳಿದರೂ ‘ನಿಮ್ಮ ಗಟ್ ಸರಿ ಇಲ್ಲ’ ಅನ್ನುವ ವಿಡಿಯೊ ಒಂದು ಸಿಕ್ಕೇ ಸಿಗುತ್ತದೆ. ಮೆಡಿಕಲ್ ಶಾಪಿನಲ್ಲಿ ಆಂಟಿಬಯೋಟಿಕ್ ಕೇಳಿದರೆ ಅದರ ಜೊತೆಗೇ ಪ್ರೋಬಯೋಟಿಕ್, ಅಂದರೆ ಜೀವಂತ ಬ್ಯಾಕ್ಟೀರಿಯಾ ತುಂಬಿದ ಕ್ಯಾಪ್ಸೂಲ್ ಸ್ಟ್ರಿಪ್ಪೂ ಕವರಿಗೆ ಬೀಳುತ್ತದೆ. ಮಲದ ಸ್ಯಾಂಪಲ್ ಕೊರಿಯರ್ ಮಾಡಿದರೆ ಮೊಬೈಲಿಗೆ ಬಣ್ಣಬಣ್ಣದ ರಿಪೋರ್ಟ್ ಬರುತ್ತದೆ. ಇದೆಲ್ಲದರ ಪಕ್ಕದಲ್ಲೇ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ, ಲ್ಯಾಬುಗಳಲ್ಲಿ ಗಂಭೀರವಾದ ಕೆಲಸವೂ ನಡೆಯುತ್ತಿದೆ. ಎರಡೂ ಸೇರಿ ಕಲಸುಮೇಲೋಗರ ಆಗಿಬಿಟ್ಟಿದೆ. ಯಾವುದು ಗಟ್ಟಿ, ಯಾವುದು ಜೊಳ್ಳು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಹಾಲೆಂಡಿನ ಬಟ್ಟೆ ವ್ಯಾಪಾರಿ ಲೀವನ್‌ಹುಕ್ 1680ರ ದಶಕದಲ್ಲಿ ತಾನೇ ಮಾಡಿದ ಮಸೂರದಲ್ಲಿ ತನ್ನ ಹಲ್ಲಿನ ಕೊಳೆ, ತನ್ನ ಭೇದಿ ಎರಡನ್ನೂ ನೋಡಿ ಅಲ್ಲಿ ಓಡಾಡುವ ಜೀವಿಗಳ ಬಗ್ಗೆ ಲಂಡನ್ನಿಗೆ ಕಾಗದ ಬರೆದ. ಅದಾಗಿ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಈ ವಿಷಯ ಹೆಚ್ಚೇನೂ ಮುಂದೆ ಹೋಗಲಿಲ್ಲ. 1900ರ ಹೊತ್ತಿಗೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಇಲ್ಯಾ ಮೆಚ್ನಿಕಾಫ್ ಅದನ್ನು ಕೈಗೆತ್ತಿಕೊಂಡರು. 1908ರಲ್ಲಿ ನೊಬೆಲ್ ಪಡೆದ ದೊಡ್ಡ ವಿಜ್ಞಾನಿ. ದೊಡ್ಡ ಕರುಳಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳೇ ಮುಪ್ಪಿಗೆ ಕಾರಣ, ಹುಳಿ ಹಾಲು ಕುಡಿದರೆ ಅವು ಅಡಗುತ್ತವೆ ಅಂತ ಅವರು ಹೇಳಿದರು. ಬಲ್ಗೇರಿಯಾದ ಹಳ್ಳಿಗರು ಮೊಸರು ತಿಂದು ನೂರು ವರ್ಷ ಬಾಳುತ್ತಾರೆ ಅನ್ನುವ ಮಾತು ಹಬ್ಬಿತು. ಯುರೋಪಿನ ಅಂಗಡಿಗಳಲ್ಲಿ ಹುಳಿ ಹಾಲಿನ ಮಾತ್ರೆಗಳು ಬಂದವು. ಲಂಡನ್ನಿನಲ್ಲಿ ಒಬ್ಬ ಪ್ರಖ್ಯಾತ ಸರ್ಜನ್ ಮಲಬದ್ಧತೆ ಇದ್ದವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಮೆಚ್ನಿಕಾಫ್ 71ನೇ ವಯಸ್ಸಿಗೆ ತೀರಿಕೊಂಡರು. ಅಂದರೆ ಇವತ್ತಿನ ಗಟ್ ಗಲಾಟೆ ಹೊಸದೇನೂ ಅಲ್ಲ. ನೂರು ವರ್ಷದ ಹಿಂದೆಯೂ ವಿಜ್ಞಾನಕ್ಕಿಂತ ಮೊದಲು ಅಂಗಡಿಯೇ ತೆರೆದಿತ್ತು.

ಆಮೇಲೆ ಪೆನ್ಸಿಲಿನ್ ಬಂತು. ಬ್ಯಾಕ್ಟೀರಿಯಾ ಅಂದರೆ ಕೊಲ್ಲಬೇಕಾದ್ದು ಅನ್ನುವ ಕಾಲ ಶುರುವಾಯಿತು. ಅದರಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ, ಹಾಗಾಗಿ ಆ ಕಾಲವನ್ನು ಹಳಿಯುವುದು ಸರಿಯಲ್ಲ. ಆದರೆ ಕರುಳಿನೊಳಗೆ ಸುಮ್ನೆ ತಮ್ಮ ಪಾಡಿಗೆ ಇರುವ ಜೀವಿಗಳ ಕಡೆ ನೋಡುವವರು ಕಡಿಮೆಯಾದರು. ನೋಡಿದವರೂ ಬೇರೆ ಏನನ್ನೋ ಹುಡುಕುತ್ತಿದ್ದವರೇ.

ಪ್ರೊಂಟೊಸಿಲ್ ಅಂತ ಕೆಂಪು ಬಣ್ಣದ ಒಂದು ಔಷಧ ಇತ್ತು. ಜರ್ಮನಿಯ ಗೆರ್ಹಾರ್ಡ್ ಡೋಮಾಕ್ 1935ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಸೋಂಕಿದ್ದ ಇಲಿ ಬದುಕುತ್ತಿತ್ತು. ಅದೇ ಔಷಧವನ್ನು ಗಾಜಿನ ನಳಿಕೆಯಲ್ಲಿ ಬ್ಯಾಕ್ಟೀರಿಯಾ ಮೇಲೆ ಹಾಕಿದರೆ ಏನೂ ಆಗುತ್ತಿರಲಿಲ್ಲ. ಪ್ಯಾರಿಸ್ಸಿನವರು ಕಾರಣ ಕಂಡುಹಿಡಿದರು: ದೇಹದೊಳಗೆ ಆ ಬಣ್ಣ ಎರಡಾಗಿ ಒಡೆಯುತ್ತದೆ, ಒಡೆದ ಒಂದು ತುಂಡೇ ನಿಜವಾದ ಮದ್ದು. ಆ ಒಡೆಯುವ ಕೆಲಸದಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಪಾಲು ದೊಡ್ಡದು ಅಂತ ತಿಳಿದದ್ದು ಬಹಳ ತಡವಾಗಿ.

ಸಲ್ಫಾಸಲಜೀನ್‌ದೂ ಹೆಚ್ಚುಕಡಿಮೆ ಇದೇ ಕಥೆ. ಸ್ವೀಡನ್ನಿನ ವೈದ್ಯೆ ನಾನಾ ಸ್ವಾರ್ಟ್ಸ್ ಕೀಲುವಾತಕ್ಕೆಂದು ಮಾಡಿಸಿದ ಮಾತ್ರೆ ಇದು. ದೊಡ್ಡ ಕರುಳಿನ ಹುಣ್ಣಿಗೂ ಕೆಲಸ ಮಾಡಿತು. ನಮ್ಮ ಆಸ್ಪತ್ರೆಗಳಲ್ಲಿ ಇವತ್ತಿಗೂ ಬರೆಯುತ್ತಾರೆ. ಬ್ಯಾಕ್ಟೀರಿಯಾ ಒಂದೂ ಇಲ್ಲದಂತೆ ಸಾಕಿದ ಇಲಿಗಳಿಗೆ ಕೊಟ್ಟಾಗ ಈ ಮಾತ್ರೆ ಒಡೆಯಲೇ ಇಲ್ಲ ಅಂತ 1972ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ತೋರಿಸಿದರು. ಅಂದರೆ ಈ ಮಾತ್ರೆಯ ಅರ್ಧ ಕೆಲಸ ಫ್ಯಾಕ್ಟರಿಯಲ್ಲಿ ಮುಗಿದಿರುತ್ತದೆ, ಉಳಿದರ್ಧ ರೋಗಿಯ ಕರುಳಿನಲ್ಲಿ ನಡೆಯಬೇಕು.

ಇಡೀ ಕಥೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಡಿಗಾಕ್ಸಿನ್ ಭಾಗ. ಇದು ಫಾಕ್ಸ್‌ಗ್ಲವ್ ಜಾತಿಯ ಗಿಡದಿಂದ ಬಂದ ಹಳೇ ಔಷಧ. ಹೃದಯ ಸೋತವರಿಗೆ, ಎದೆಬಡಿತ ತಾಳ ತಪ್ಪಿದವರಿಗೆ ಕೊಡುತ್ತಾರೆ. ಸಾಮಾನ್ಯ ಮಾತ್ರೆಯಲ್ಲಿ ಇರುವುದು ಒಂದು ಮಿಲಿಗ್ರಾಂನ ಕಾಲು ಭಾಗ ಅಷ್ಟೇ. ಇದರ ಡೋಸ್ ಬಲು ನಾಜೂಕು. ಕಡಿಮೆಯಾದರೆ ಉಪಯೋಗವಿಲ್ಲ. ಸ್ವಲ್ಪ ಜಾಸ್ತಿಯಾದರೆ ವಾಂತಿ, ಕಣ್ಣಿಗೆ ಎಲ್ಲವೂ ಹಳದಿ, ಎದೆಬಡಿತ ಇನ್ನಷ್ಟು ಏರುಪೇರು. ‘ವಾರಕ್ಕೆ ಐದು ದಿನ ತಗೊಳ್ಳಿ, ಶನಿವಾರ ಭಾನುವಾರ ಬೇಡ’ ಅಂತ ಡಾಕ್ಟರು ಚೀಟಿಯಲ್ಲಿ ಬರೆದದ್ದನ್ನು ಹೃದ್ರೋಗಿಗಳಿರುವ ಮನೆಯವರು ನೋಡಿರುತ್ತಾರೆ. ಅದು ಹೆಚ್ಚಾಗಿ ಇದೇ ಮಾತ್ರೆ.

ಕೆಲವರಿಗೆ ಎಷ್ಟು ಕೊಟ್ಟರೂ ರಕ್ತದಲ್ಲಿ ಮಟ್ಟ ಏರುತ್ತಿರಲಿಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಜಾನ್ ಲಿಂಡೆನ್‌ಬಾಮ್ ಮತ್ತು ಅವರ ಜೊತೆಯವರು ಇದರ ಬೆನ್ನು ಹತ್ತಿದರು. ಸುಮಾರು ಹತ್ತರಲ್ಲಿ ಒಬ್ಬರಲ್ಲಿ ಮಾತ್ರೆಯ ದೊಡ್ಡ ಪಾಲು ಕರುಳಿನಲ್ಲೇ ನಿಷ್ಕ್ರಿಯವಾಗಿ ಬಿಡುತ್ತಿತ್ತು. ಅಂಥವರಿಗೆ ಐದು ದಿನ ಎರಿಥ್ರೋಮೈಸಿನ್ ಅಥವಾ ಟೆಟ್ರಾಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಕೊಟ್ಟು ನೋಡಿದರೆ ರಕ್ತದಲ್ಲಿ ಡಿಗಾಕ್ಸಿನ್ ಎರಡು ಪಟ್ಟಿನವರೆಗೆ ಏರಿತು. ಮಾತ್ರೆ ಅದೇ, ಡೋಸ್ ಅದೇ. ಇದು 1981ರಲ್ಲಿ ಪ್ರಕಟವಾಯಿತು. ಒಬ್ಬ ಹೃದ್ರೋಗಿ ಗಂಟಲುನೋವಿಗೆ ಬೇರೆ ಡಾಕ್ಟರ ಹತ್ತಿರ ಹೋಗಿ ಆಂಟಿಬಯೋಟಿಕ್ ತಗೊಂಡ ಅಂದುಕೊಳ್ಳಿ. ಅಪಾಯ ಎಲ್ಲಿದೆ ಅಂತ ಹೇಳಬೇಕಾಗಿಲ್ಲ ಅಲ್ವಾ. (ಈ ಜೋಡಿಯಲ್ಲಿ ಬ್ಯಾಕ್ಟೀರಿಯಾ ಒಂದೇ ಕಾರಣ ಅಲ್ಲ. ಔಷಧವನ್ನು ಹೊರಗೆ ತಳ್ಳುವ ವ್ಯವಸ್ಥೆ ಕರುಳಿನ ಗೋಡೆಯಲ್ಲೂ ಇದೆ, ಕೆಲವು ಆಂಟಿಬಯೋಟಿಕ್ ಅದನ್ನೂ ತಡೆಯುತ್ತವೆ ಅಂತ ಆಮೇಲೆ ಗೊತ್ತಾಯಿತು.)

1983ರ ಹೊತ್ತಿಗೆ ಈ ಕೆಲಸ ಮಾಡುವ ಬ್ಯಾಕ್ಟೀರಿಯಾ ಕೈಗೆ ಸಿಕ್ಕಿತು. ಈಗ ಅದರ ಹೆಸರು ಎಗರ್ಥೆಲ್ಲಾ ಲೆಂಟಾ. ಅಷ್ಟರಲ್ಲಿ ಇನ್ನೊಂದು ಒಗಟು ಎದುರಾಯಿತು. ಇದೇ ಬ್ಯಾಕ್ಟೀರಿಯಾ ಇದ್ದರೂ ಹಲವರಲ್ಲಿ ಮಾತ್ರೆಗೆ ಏನೂ ಆಗುತ್ತಿರಲಿಲ್ಲ.

ಇಲ್ಲಿ ಕಥೆ ನಮ್ಮ ಪಕ್ಕಕ್ಕೆ ಬರುತ್ತದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವಿ. ಐ. ಮಥಾನ್ ಮತ್ತು ನ್ಯೂಯಾರ್ಕಿನ ತಂಡ ಸೇರಿ ದಕ್ಷಿಣ ಭಾರತದ ಆರೋಗ್ಯವಂತರನ್ನು ಪರೀಕ್ಷಿಸಿದರು. 1989ರಲ್ಲಿ ಬಂದ ಫಲಿತಾಂಶ ಹೀಗಿತ್ತು: ನ್ಯೂಯಾರ್ಕಿನವರಲ್ಲಿ ಸುಮಾರು 36% ಜನರ ಕರುಳು ಡಿಗಾಕ್ಸಿನ್ನನ್ನು ಸ್ವಲ್ಪವಾದರೂ ಕೆಡಿಸುತ್ತಿತ್ತು, ದಕ್ಷಿಣ ಭಾರತದವರಲ್ಲಿ ಸುಮಾರು 14% ಮಾತ್ರ. ನಮ್ಮವರೊಳಗೇ ಪೇಟೆಯವರಿಗೂ ಹಳ್ಳಿಯವರಿಗೂ ದೊಡ್ಡ ಅಂತರ ಇತ್ತು. ಹಳ್ಳಿಯವರಲ್ಲಿ ಇಂಥ ಕರುಳು ತೀರಾ ವಿರಳ. ಅಂದರೆ ಎಲ್ಲೋ ಪರದೇಶದ ರೋಗಿಗಳ ಮೇಲೆ ಅಳೆದು ನಿಗದಿ ಮಾಡಿದ ಡೋಸ್ ಇಲ್ಲಿನ ಹೊಟ್ಟೆಗೂ ಅಷ್ಟೇ ಸರಿ ಅಂತ ಕಣ್ಣುಮುಚ್ಚಿ ಹೇಳುವ ಹಾಗಿಲ್ಲ. 1989ರಲ್ಲೇ ಇದು ಅಚ್ಚಾಗಿತ್ತು. ಸದ್ದು ಮಾತ್ರ ಆಗಲಿಲ್ಲ. ಡಿಗಾಕ್ಸಿನ್ ಹಳೇ ಮಾತ್ರೆ, ಅಗ್ಗದ ಮಾತ್ರೆ, ಅದರ ಹಿಂದೆ ದುಡ್ಡು ಹಾಕುವವರು ಯಾರು?

ಒಗಟು ಬಿಡಿಸಿದ್ದು 2013ರಲ್ಲಿ, ಹಾರ್ವರ್ಡಿನ ಪೀಟರ್ ಟರ್ನ್‌ಬಾ ತಂಡ. ಆ ಬ್ಯಾಕ್ಟೀರಿಯಾದ ಕೆಲವು ತಳಿಗಳಲ್ಲಿ ಮಾತ್ರ ಡಿಗಾಕ್ಸಿನ್ ಕಂಡರೆ ಎಚ್ಚರಗೊಳ್ಳುವ ಜೀನುಗಳಿವೆ. ಅದರಲ್ಲೂ ಆರ್ಜಿನಿನ್ ಅನ್ನುವ ಅಮೈನೋ ಆಮ್ಲ ಧಾರಾಳವಾಗಿ ಸಿಕ್ಕಿದರೆ ಅವು ಸುಮ್ಮನಿರುತ್ತವೆ. ಇಲಿಗಳಿಗೆ ಪ್ರೋಟೀನ್ ಜಾಸ್ತಿ ಇರುವ ಆಹಾರ ಕೊಟ್ಟಾಗ ರಕ್ತದಲ್ಲಿ ಔಷಧ ಹೆಚ್ಚು ಉಳಿಯಿತು. ಮಾತ್ರೆ, ಬ್ಯಾಕ್ಟೀರಿಯಾ, ಊಟ ಈ ಮೂರೂ ಒಂದೇ ಲೆಕ್ಕದೊಳಗೆ ಬಂದವು. ಮೊದಲ ವರದಿಯಿಂದ ಇಲ್ಲಿಗೆ ಬರಲು ಮೂವತ್ತು ವರ್ಷ ಹಿಡಿಯಿತು.

ನಡುವೆ ಜಪಾನಿನಲ್ಲಿ ಒಂದು ದುರಂತವೂ ಆಗಿತ್ತು. 1993ರಲ್ಲಿ ಸರ್ಪಸುತ್ತಿಗೆಂದು ಸೊರಿವುಡಿನ್ ಅನ್ನುವ ಹೊಸ ಮಾತ್ರೆ ಮಾರುಕಟ್ಟೆಗೆ ಬಂತು. ಅದನ್ನು ಕರುಳಿನ ಬ್ಯಾಕ್ಟೀರಿಯಾಗಳು ಇನ್ನೊಂದು ವಸ್ತುವಾಗಿ ಬದಲಿಸುತ್ತಿದ್ದವು. ಆ ವಸ್ತು ಕ್ಯಾನ್ಸರ್ ಔಷಧ 5-ಎಫ್‌ಯು ದೇಹದಿಂದ ಹೊರಹೋಗದಂತೆ ತಡೆಯುತ್ತಿತ್ತು. ಎರಡೂ ಒಟ್ಟಿಗೆ ತಗೊಂಡ ಹತ್ತಕ್ಕೂ ಹೆಚ್ಚು ಜನ ಕೆಲವೇ ವಾರಗಳಲ್ಲಿ ಸತ್ತರು. ಮಾತ್ರೆಯನ್ನು ಹಿಂದಕ್ಕೆ ಪಡೆದರು.

2000ದ ನಂತರ ಡಿಎನ್‌ಎ ಓದುವ ಯಂತ್ರಗಳು ಅಗ್ಗವಾದವು. ಲ್ಯಾಬಿನಲ್ಲಿ ಬೆಳೆಯದ ಬ್ಯಾಕ್ಟೀರಿಯಾವನ್ನೂ ಗುರುತಿಸಬಹುದಾಯಿತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜೆಫ್ರಿ ಗಾರ್ಡನ್ ತಂಡ ದಪ್ಪ ಇಲಿಯ ಕರುಳಿನ ಬ್ಯಾಕ್ಟೀರಿಯಾವನ್ನು ಬ್ಯಾಕ್ಟೀರಿಯಾ ಇಲ್ಲದ ಇಲಿಗೆ ಹಾಕಿ, ಅದರ ಕೊಬ್ಬು ಹೆಚ್ಚಿದ್ದನ್ನು 2006ರಲ್ಲಿ ತೋರಿಸಿತು. ಪತ್ರಿಕೆಗಳು ಕುಣಿದಾಡಿದವು. ಬೊಜ್ಜಿಗೂ ಎರಡು ಗುಂಪಿನ ಬ್ಯಾಕ್ಟೀರಿಯಾಗಳ ಪ್ರಮಾಣಕ್ಕೂ ನೇರ ಸಂಬಂಧ ಇದೆ ಅಂತ ಎಲ್ಲರೂ ನಂಬಿದರು. ಮನುಷ್ಯರ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ನೋಡಿದಾಗ ಆ ಸಂಬಂಧ ಬಹಳ ತೆಳುವಾಗಿತ್ತು. ಬ್ಯಾಕ್ಟೀರಿಯಾ ನಮ್ಮ ಜೀವಕೋಶಗಳ ಹತ್ತು ಪಟ್ಟು ಅನ್ನುವ ಮಾತೂ ಹೀಗೇ. 2016ರ ಲೆಕ್ಕದ ಪ್ರಕಾರ ನಮ್ಮ ಜೀವಕೋಶ 30 ಲಕ್ಷ ಕೋಟಿ, ಬ್ಯಾಕ್ಟೀರಿಯಾ 38 ಲಕ್ಷ ಕೋಟಿ. ಹೆಚ್ಚುಕಡಿಮೆ ಸರಿಸಮ. ಹತ್ತು ಪಟ್ಟಿನ ಮಾತು ಇವತ್ತಿಗೂ ಭಾಷಣಗಳಲ್ಲಿ ಆರಾಮಾಗಿ ಓಡಾಡಿಕೊಂಡಿದೆ.

ಮಧುಮೇಹದ ವಿಷಯದಲ್ಲಿ ಆದದ್ದು ಇನ್ನೂ ಸ್ವಾರಸ್ಯ. ಟೈಪ್ 2 ಮಧುಮೇಹಿಗಳ ಕರುಳಿನ ಬ್ಯಾಕ್ಟೀರಿಯಾ ಬೇರೆ ಥರ ಇದೆ, ಅದೇ ರೋಗದ ಗುರುತು ಅಂದುಕೊಂಡಿದ್ದರು. 2015ರಲ್ಲಿ ಯುರೋಪಿನ ಒಂದು ತಂಡ ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ತಿನ್ನುವವರನ್ನೂ ತಿನ್ನದವರನ್ನೂ ಬೇರೆ ಮಾಡಿ ನೋಡಿತು. ರೋಗದ ಗುರುತು ಅಂದುಕೊಂಡಿದ್ದರಲ್ಲಿ ದೊಡ್ಡ ಪಾಲು ಮಾತ್ರೆಯ ಗುರುತಾಗಿತ್ತು! ಮನೆಮನೆಯಲ್ಲೂ ಶುಗರ್ ಮಾತ್ರೆ ಇರುವ ನಮ್ಮ ನಾಡಿನಲ್ಲಿ ಮಲ ಪರೀಕ್ಷೆಯ ರಿಪೋರ್ಟ್ ಓದುವಾಗ ಇದು ನೆನಪಿರಬೇಕು.

ಹಾಗಾದರೆ ಗಟ್ಟಿಯಾಗಿ ನಿಂತದ್ದು ಏನೂ ಇಲ್ಲವೇ? ಇದೆ. ಆಂಟಿಬಯೋಟಿಕ್ ತಗೊಂಡ ಮೇಲೆ ಕೆಲವರಿಗೆ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಅನ್ನುವ ಬ್ಯಾಕ್ಟೀರಿಯಾ ಕರುಳನ್ನು ಆಕ್ರಮಿಸಿ ನಿಲ್ಲದ ಭೇದಿ ಹಿಡಿಯುತ್ತದೆ. ಮತ್ತೆ ಆಂಟಿಬಯೋಟಿಕ್ ಕೊಟ್ಟರೆ ಕಡಿಮೆಯಾಗಿ ಪುನಃ ಬರುತ್ತದೆ. 1958ರಲ್ಲೇ ಡೆನ್ವರಿನ ಸರ್ಜನ್ ಬೆನ್ ಐಸ್‌ಮನ್, ಆಂಟಿಬಯೋಟಿಕ್ ನಂತರ ಇಂಥ ಕರುಳಿನ ಉರಿಯೂತ ಬಂದ ನಾಲ್ಕು ರೋಗಿಗಳಿಗೆ ಆರೋಗ್ಯವಂತರ ಮಲವನ್ನು ಎನಿಮಾ ಮೂಲಕ ಕೊಟ್ಟಿದ್ದರು. ಕಾಯಿಸಿ ಆರಿಸಿದ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದ ಹಾಗೆ. ಹೇಸಿಗೆ ಅಂತ ಹೆಚ್ಚಿನವರು ಅದನ್ನು ಮುಟ್ಟಲಿಲ್ಲ. 2013ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವೈದ್ಯರು ಕ್ರಮಬದ್ಧವಾಗಿ ಪರೀಕ್ಷಿಸಿದರು. ಮಲದ ದ್ರಾವಣ ಪಡೆದ 16 ಜನರಲ್ಲಿ 13 ಜನ ಒಂದೇ ಸಲಕ್ಕೆ ಗುಣವಾದರು. ಬರೀ ವ್ಯಾಂಕೊಮೈಸಿನ್ ಅನ್ನುವ ಆಂಟಿಬಯೋಟಿಕ್ ಪಡೆದ 13ರಲ್ಲಿ ಗುಣವಾದವರು 4. ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಕಂಡದ್ದರಿಂದ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು.

ಅಪಾಯ ಇಲ್ಲ ಅಂತಲ್ಲ. 2019ರಲ್ಲಿ ಅಮೆರಿಕದಲ್ಲಿ ದಾನಿಯ ಮಲದಿಂದ ಔಷಧಕ್ಕೆ ಬಗ್ಗದ ಇ. ಕೋಲಿ ಬ್ಯಾಕ್ಟೀರಿಯಾ ಇಬ್ಬರಿಗೆ ಅಂಟಿ ಒಬ್ಬರು ಸತ್ತರು. ಆಮೇಲೆ ದಾನಿಗಳ ತಪಾಸಣೆ ಬಿಗಿಯಾಯಿತು. 2022 ಮತ್ತು 2023ರಲ್ಲಿ ಈ ಭೇದಿ ಮರುಕಳಿಸದಂತೆ ತಡೆಯಲು ಮಲದಿಂದ ತಯಾರಾದ ಎರಡು ಔಷಧಗಳಿಗೆ ಅಲ್ಲಿ ಒಪ್ಪಿಗೆ ಸಿಕ್ಕಿತು, ಒಂದು ನುಂಗುವ ಕ್ಯಾಪ್ಸೂಲ್. ನಮ್ಮಲ್ಲಿ ಲುಧಿಯಾನದಲ್ಲಿ ಕರುಳಿನ ಹುಣ್ಣಿಗೆ, ದೆಹಲಿಯಲ್ಲಿ ಕುಡಿತದಿಂದ ಕೆಟ್ಟ ಲಿವರಿಗೆ ಇದೇ ದಾರಿಯಲ್ಲಿ ಪ್ರಯೋಗಗಳಾಗಿವೆ.

ಕ್ಯಾನ್ಸರ್ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎತ್ತಿಕಟ್ಟುವ ಚಿಕಿತ್ಸೆ, ಕೆಲವರಿಗೆ ಹಿಡಿಯುತ್ತದೆ, ಕೆಲವರಿಗೆ ಹಿಡಿಯುವುದಿಲ್ಲ. ಇದರಲ್ಲೂ ಕರುಳಿನ ಪಾತ್ರ ಇದೆ ಅಂತ 2015ರಲ್ಲಿ ಷಿಕಾಗೊ ಮತ್ತು ಪ್ಯಾರಿಸ್ ತಂಡಗಳು ಇಲಿಗಳಲ್ಲಿ ತೋರಿಸಿದವು. 2021ರಲ್ಲಿ ಪಿಟ್ಸ್‌ಬರ್ಗ್ ಮತ್ತು ಇಸ್ರೇಲಿನ ವೈದ್ಯರು, ಚಿಕಿತ್ಸೆ ಹಿಡಿಯದ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ರೋಗಿಗಳಿಗೆ ಚಿಕಿತ್ಸೆ ಫಲಿಸಿದವರ ಮಲ ಕೊಟ್ಟು ಮತ್ತೆ ಅದೇ ಔಷಧ ಕೊಟ್ಟರು. ಪಿಟ್ಸ್‌ಬರ್ಗಿನಲ್ಲಿ 15ರಲ್ಲಿ 6 ಜನರಿಗೆ, ಇಸ್ರೇಲಿನಲ್ಲಿ 10ರಲ್ಲಿ 3 ಜನರಿಗೆ ಉಪಯೋಗವಾಯಿತು. ಸಣ್ಣ ಸಂಖ್ಯೆ, ಆದರೆ ಇವರೆಲ್ಲ ಬೇರೆ ದಾರಿ ಮುಚ್ಚಿಹೋದವರು.

ಪ್ರೋಬಯೋಟಿಕ್ ಕಥೆ ಹೀಗೆ ನೇರವಾಗಿಲ್ಲ. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದ ಪರೀಕ್ಷೆ 2017ರಲ್ಲಿ ಪ್ರಕಟವಾಯಿತು. ಒಂದು ನಿರ್ದಿಷ್ಟ ತಳಿಯ ಲ್ಯಾಕ್ಟೋಬ್ಯಾಸಿಲಸ್ ಜೊತೆಗೆ ಅದಕ್ಕೆ ಆಹಾರವಾಗುವ ಒಂದು ಬಗೆಯ ಸಕ್ಕರೆಯನ್ನು 7 ದಿನ ಕುಡಿಸಿದ್ದರು. ಸೋಂಕಿನಿಂದ ಮೈಯೆಲ್ಲ ನಂಜಾಗುವುದು ಅಥವಾ ಸಾವು 9%ನಿಂದ 5.4%ಗೆ ಇಳಿಯಿತು. ಖರ್ಚು ಪುಡಿಗಾಸು. ಇನ್ನೊಂದು ಕಡೆ, ಆಂಟಿಬಯೋಟಿಕ್ ಕೋರ್ಸ್ ಮುಗಿಸಿ ಪ್ರೋಬಯೋಟಿಕ್ ತಗೊಂಡವರಲ್ಲಿ ಸ್ವಂತ ಬ್ಯಾಕ್ಟೀರಿಯಾಗಳು ಮರಳಿ ಬರುವುದು ತಡವಾಯಿತು ಅಂತ 2018ರಲ್ಲಿ ಇಸ್ರೇಲಿನ ಸಂಶೋಧಕರು ಕಂಡರು. ಅಮೆರಿಕದ ಉದರರೋಗ ತಜ್ಞರ ಸಂಘ 2020ರ ತನ್ನ ಮಾರ್ಗಸೂಚಿಯಲ್ಲಿ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಂಥ ಕೆಲವೇ ಸಂದರ್ಭಗಳನ್ನು ಬಿಟ್ಟರೆ ಹೆಚ್ಚಿನ ಹೊಟ್ಟೆ ಕಾಯಿಲೆಗಳಿಗೆ ಪ್ರೋಬಯೋಟಿಕ್ ಶಿಫಾರಸು ಮಾಡಲಿಲ್ಲ. ತಳಿ ಯಾವುದು, ಯಾರಿಗೆ, ಯಾವಾಗ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಸ್ಟ್ರಿಪ್ ಮೇಲಿನ ‘500 ಕೋಟಿ’ ಥರದ ಸಂಖ್ಯೆ ಈ ಮೂರಕ್ಕೂ ಉತ್ತರ ಕೊಡುವುದಿಲ್ಲ. ಮಜ್ಜಿಗೆ ಕುಡಿಯುವುದಕ್ಕೆ ಯಾವ ಮಾರ್ಗಸೂಚಿಯೂ ಬೇಕಾಗಿಲ್ಲ, ಅದು ಬೇರೆ ಮಾತು.

ಮಾತ್ರೆಗಳ ವಿಷಯಕ್ಕೆ ಮರಳಿದರೆ, ಯೇಲ್ ವಿಶ್ವವಿದ್ಯಾಲಯದವರು 2019ರಲ್ಲಿ ಬಾಯಿಂದ ತಗೊಳ್ಳುವ 271 ಔಷಧಗಳನ್ನು 76 ಬಗೆಯ ಕರುಳಿನ ಬ್ಯಾಕ್ಟೀರಿಯಾಗಳ ಜೊತೆ ಇಟ್ಟು ನೋಡಿದರು. ಸುಮಾರು ಮೂರರಲ್ಲಿ ಎರಡು ಪಾಲು ಔಷಧಗಳನ್ನು ಒಂದಲ್ಲ ಒಂದು ಬ್ಯಾಕ್ಟೀರಿಯಾ ಬದಲಿಸುತ್ತಿತ್ತು. ಅದೇ ವರ್ಷ ಪಾರ್ಕಿನ್ಸನ್ ರೋಗಕ್ಕೆ ಕೊಡುವ ಲೆವೊಡೋಪಾ ಔಷಧ ಮಿದುಳು ಮುಟ್ಟುವ ಮೊದಲೇ ಕರುಳಿನಲ್ಲಿ ಹೇಗೆ ಕರಗಿಹೋಗುತ್ತದೆ ಅನ್ನುವುದರ ಹಿಂದಿನ ಬ್ಯಾಕ್ಟೀರಿಯಾಗಳೂ ಸಿಕ್ಕವು. ಎರಡು ಹಂತದ ಕೆಲಸ ಅದು, ಎರಡನೇ ಹಂತದಲ್ಲಿರುವುದು ಮತ್ತೆ ಅದೇ ಎಗರ್ಥೆಲ್ಲಾ ಲೆಂಟಾ.

ಹೊಸ ಮಾತ್ರೆಗೆ ಪರವಾನಗಿ ಕೇಳುವ ಕಂಪನಿ, ಲಿವರ್ ಅದನ್ನು ಏನು ಮಾಡುತ್ತದೆ, ಕಿಡ್ನಿ ಹೇಗೆ ಹೊರಹಾಕುತ್ತದೆ ಅಂತ ಪುಟಗಟ್ಟಲೆ ತೋರಿಸಬೇಕು. ಕರುಳಿನ ಬ್ಯಾಕ್ಟೀರಿಯಾ ಏನು ಮಾಡುತ್ತದೆ ಅಂತ ಅಷ್ಟೇ ಕಡ್ಡಾಯವಾಗಿ ಯಾರೂ ಕೇಳುವುದಿಲ್ಲ. ಡಿಗಾಕ್ಸಿನ್ ತಿನ್ನುವವರಿಗೆ ಸದ್ಯಕ್ಕೆ ಇರುವುದು ರಕ್ತದಲ್ಲಿ ಅದರ ಮಟ್ಟ ನೋಡುವ ಪರೀಕ್ಷೆ. ಹೊಸದಾಗಿ ಆಂಟಿಬಯೋಟಿಕ್ ಬರೆಯುವ ಡಾಕ್ಟರಿಗೆ ಹಳೇ ಚೀಟಿ ತೋರಿಸಿದರೆ, ಆ ಪರೀಕ್ಷೆ ಯಾವಾಗ ಮಾಡಿಸಬೇಕು ಅಂತ ಅವರು ಹೇಳುತ್ತಾರೆ.