ಅಂಗಾತ, ಬೋರಲು, ಮಗ್ಗುಲು

ವಾರ್ಡಿನಲ್ಲಿ ಡ್ರಿಪ್ ಹಾಕುವ ಸಿಸ್ಟರ್ "ನರ ಸಿಗ್ತಾ ಇಲ್ಲ, ಮುಷ್ಟಿ ಬಿಗಿ ಹಿಡೀರಿ ಅಜ್ಜಿ" ಅನ್ನುತ್ತಾರೆ. ಅವರು ಹುಡುಕುತ್ತಿರುವುದು ನರವನ್ನಲ್ಲ, ರಕ್ತನಾಳವನ್ನು. ನಮ್ಮ ಆಡುಮಾತಿನಲ್ಲಿ ಚರ್ಮದಡಿ ದಾರದ ಹಾಗೆ ಇರುವುದೆಲ್ಲ ನರವೇ. ಸ್ವಲ್ಪ ಹೊತ್ತಿಗೆ ಅರಿವಳಿಕೆ ವೈದ್ಯನಾದ ನಾನು ಹೋಗಿ "ಕಾಲಿನ ನರಕ್ಕೆ ಇಂಜೆಕ್ಷನ್ ಕೊಟ್ಟು ಮರಗಟ್ಟಿಸ್ತೀವಿ" ಅಂದೆ. ಅಜ್ಜಿ ಕೈಯಲ್ಲಿದ್ದ ಡ್ರಿಪ್ ತೋರಿಸಿ "ಆಗ್ಲೇ ನರಕ್ಕೆ ಚುಚ್ಚಿದ್ರಲ್ಲಪ್ಪಾ" ಅಂದರು. ಮಗ ಮಾತ್ರ ಬೆಚ್ಚಿದ. "ನರಕ್ಕೆ ಚುಚ್ಚಿದ್ರೆ ಲಕ್ವ ಹೊಡೆಯಲ್ವಾ ಸಾರ್?"

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ನಾವು ನರದೊಳಕ್ಕೆ ಚುಚ್ಚುವುದಿಲ್ಲ. ಅದರ ಸುತ್ತ ಮದ್ದು ಹರಿಸುತ್ತೇವೆ. ಮದ್ದಿನ ಬಲ ಇರುವಷ್ಟು ಹೊತ್ತು ನೋವಿನ ಸುದ್ದಿ ಮೇಲಕ್ಕೆ ಹೋಗುವುದಿಲ್ಲ, ಇಳಿದ ಮೇಲೆ ಕಾಲು ಮೊದಲಿನಂತಾಗುತ್ತದೆ. ನರಕ್ಕೆ ಪೆಟ್ಟಾಗುವುದು ಇಲ್ಲವೇ ಇಲ್ಲ ಅಂತಲ್ಲ, ಅಪರೂಪ. ಆದರೆ ಆ ದಿನ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಈ ಅಜ್ಜಿಯನ್ನು ಹೇಗೆ ಮಲಗಿಸುವುದು?

ಮಳೆಗಾಲದ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಕಾಲ್ಗಿಣ್ಣಿನ ಎರಡೂ ಕಡೆಯ ಮೂಳೆ ಮುರಿದುಕೊಂಡಿದ್ದರು. ಹೃದಯದ ಕವಾಟ ಕಿರಿದಾಗಿತ್ತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಬಿಪಿ ದಿಢೀರನೆ ಕುಸಿಯುವ ಭಯ, ಪೂರ್ತಿ ಮಂಪರು ಕೊಡುವುದಕ್ಕೂ ಹಿಂಜರಿಕೆ. ಹಾಗಾಗಿ ಕಾಲಿಗಷ್ಟೇ ಬ್ಲಾಕ್, ಅಂದರೆ ನರದ ಸುತ್ತ ಮದ್ದು ಹರಿಸಿ ಮರಗಟ್ಟಿಸುವುದು. ಮೊಣಕಾಲಿನಿಂದ ಕೆಳಗಿನ ಲೆಕ್ಕ ಸುಲಭ. ದೇಹದಲ್ಲೇ ಅತಿ ದಪ್ಪನೆಯ ಸಯಾಟಿಕ್ ನರ ತೊಡೆಯ ಹಿಂಬದಿಯಲ್ಲಿ ಇಳಿದು, ಮೊಣಕಾಲ ಹಿಂದಿನ ಮಡಿಕೆಗಿಂತ ಸುಮಾರು 5ರಿಂದ 10 ಸೆಂಟಿಮೀಟರ್ ಮೇಲೆ ಎರಡು ಕವಲಾಗುತ್ತದೆ. ಒಂದು ಟಿಬಿಯಲ್, ಇನ್ನೊಂದು ಪೆರೋನಿಯಲ್. ಕಾಲಿನ ಒಳಬದಿಯ ಚರ್ಮ ಮಾತ್ರ ತೊಡೆಯ ಮುಂದಿನಿಂದ ಬರುವ ಸಫೀನಸ್ ನರದ ಪಾಲು. ಅಂದರೆ ಒಂದು ನರಕ್ಕೆ ಹಿಂದಿನ ಬಾಗಿಲು, ಇನ್ನೊಂದಕ್ಕೆ ಮುಂದಿನ ಬಾಗಿಲು.

ನಮ್ಮ ಪಠ್ಯಗಳು ಹೇಳುವ ಹಳೆಯ ಕ್ರಮ ಬೋರಲು. ಮೊಣಕಾಲ ಹಿಂದಿನ ಗುಳಿ ಮೇಲ್ಮುಖವಾಗಿ ಬರುತ್ತದೆ, ಒಳಗಿನ ನರವನ್ನು ಸ್ಕ್ರೀನಿನಲ್ಲಿ ತೋರಿಸುವ ಅಲ್ಟ್ರಾಸೌಂಡ್ ಯಂತ್ರದ ಪ್ರೋಬನ್ನು ಅಲ್ಲಿ ಒತ್ತಿ ಇಟ್ಟರೆ ಮುಗಿಯಿತು. ಆದರೆ ಎರಡು ದಿಂಬಿಗೆ ಒರಗದೆ ಉಸಿರಾಡಲಾಗದ ಅಜ್ಜಿಯನ್ನು, ಮುರಿದ ಕಾಲಿನೊಂದಿಗೆ, ದೋಸೆಯ ಹಾಗೆ ಮಗುಚಿ ಹಾಕುವುದಕ್ಕಾಗುತ್ತದೆಯೇ? ತುಂಬು ಬಸುರಿಯರು, ತುಂಬ ದಪ್ಪಗಿರುವವರು, ಅಪಘಾತದಲ್ಲಿ ಪಕ್ಕೆಲುಬನ್ನೂ ಮುರಿದುಕೊಂಡವರು, ಇವರಿಗೂ ಬೋರಲು ಆಗದು. ಮಗ್ಗುಲಾಗಿ, ಬ್ಲಾಕ್ ಕೊಡುವ ಕಾಲು ಮೇಲೆ ಬರುವಂತೆ ಮಲಗಿಸಬಹುದು. ಅದಕ್ಕೂ ಅಜ್ಜಿ ಆಗಲ್ಲವೆಂದು ತಲೆಯಾಡಿಸಿದರು. ಉಳಿದದ್ದು ಅಂಗಾತ.

ಅಂಗಾತ ಮಲಗಿದವರ ಮಂಡಿಯ ಹಿಂಭಾಗ ಹಾಸಿಗೆಗೆ ಅಂಟಿಕೊಂಡಿರುತ್ತದೆ. ಅದಕ್ಕೆ ಮೀನಖಂಡದಡಿ ಗಟ್ಟಿ ದಿಂಬನ್ನೋ ಸಣ್ಣ ಸ್ಟೂಲನ್ನೋ ಕೊಟ್ಟು, ಮೊಣಕಾಲು ತುಸು ಮಡಚಿ, ಕಾಲನ್ನು ಎತ್ತಿಡುತ್ತೇವೆ. ತೊಡೆಯಡಿ ಕೈ ತೂರುವಷ್ಟು ಜಾಗವಾದರೆ ಸಾಕು. ಪ್ರೋಬನ್ನು ಕೆಳಗಿನಿಂದ ಮೇಲ್ಮುಖವಾಗಿ ಒತ್ತಿ ಹಿಡಿಯಬೇಕು. ಪ್ರೋಬಿಗೆ ಹಚ್ಚಿದ ಜೆಲ್ಲಿ ಗ್ಲೋವ್ಸಿನೊಳಗೆ ಇಳಿದು ಮೊಣಕೈವರೆಗೆ ಬರುತ್ತದೆ. ಜೆಲ್ಲಿ ಜಾರಿ ಗಾಳಿಯ ತೆಳ್ಳನೆ ಪೊರೆ ನಡುವೆ ಸೇರಿದರೂ ಸ್ಕ್ರೀನು ಕಪ್ಪು, ಏಕೆಂದರೆ ಗಾಳಿಯ ಗೋಡೆ ದಾಟಿ ಪ್ರೋಬ್ ಬಿಡುವ ಶಬ್ದ ಒಳಗೆ ಹೋಗುವುದೇ ಇಲ್ಲ. ಇನ್ನೊಂದು ಪೇಚು: ಪ್ರೋಬ್ ಎಲ್ಲಿದ್ದರೂ ಸ್ಕ್ರೀನಿನಲ್ಲಿ ಅದರ ಬದಿ ಮೇಲೆಯೇ. ಸೂಜಿಯನ್ನು ನೆಲದ ಕಡೆಗೆ ಬಾಗಿಸಿದರೆ ಚಿತ್ರದಲ್ಲಿ ಅದು ಮೇಲಕ್ಕೇರುತ್ತದೆ. ಹೊಸದಾಗಿ ಕಲಿಯುವವರು ಮೊದಲ ವಾರವೆಲ್ಲ ಇದರಲ್ಲೇ ಬೆವರುತ್ತಾರೆ.

ಇಷ್ಟು ಒದ್ದಾಟಕ್ಕೆ ಪ್ರತಿಫಲವೂ ಇದೆ. ನನಗೆ ಇಡೀ ಕೆಲಸದಲ್ಲಿ ಅತಿ ಇಷ್ಟವಾದ ಸಂಗತಿ ಅದೇ, ಆದ್ದರಿಂದ ಸ್ವಲ್ಪ ಎಳೆಯುತ್ತೇನೆ, ಸಹಿಸಿಕೊಳ್ಳಿ.

ಅಲ್ಟ್ರಾಸೌಂಡ್ ಎಂದರೆ ಕೂಗಿ ಮಾರುತ್ತರ ಕೇಳುವ ಆಟ. ನಮ್ಮ ಪ್ರೋಬ್ ಸೆಕೆಂಡಿಗೆ ಸುಮಾರು ಒಂದು ಕೋಟಿ ಕಂಪನದ ಶಬ್ದ ಬಿಡುತ್ತದೆ. ಮಾಂಸದೊಳಗೆ ಆ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್. ಭಾಗಿಸಿ ನೋಡಿ, ಒಂದು ಅಲೆಯ ಉದ್ದ ಮಿಲಿಮೀಟರಿನ ಆರನೇ ಒಂದು ಭಾಗಕ್ಕಿಂತಲೂ ಕಮ್ಮಿ. ಅಷ್ಟು ಸಣ್ಣ ಅಲೆಗೆ ನುಣುಪಾದ ಉಕ್ಕಿನ ಸೂಜಿ ಕನ್ನಡಿಯಿದ್ದಂತೆ. ಚಿಕ್ಕವರಿದ್ದಾಗ ಕನ್ನಡಿ ಚೂರು ಹಿಡಿದು ಎದುರು ಮನೆ ಗೋಡೆಗೆ ಬಿಸಿಲು ಹಾಯಿಸಿದ್ದೀರಲ್ಲ? ಕನ್ನಡಿ ಸೂರ್ಯನಿಗೆ ನೇರ ಮುಖ ಮಾಡಿದ್ದರೆ ಬೆಳಕು ಬಂದ ದಾರಿಯಲ್ಲೇ ಮರಳುತ್ತದೆ, ತುಸು ವಾರೆಯಾದರೆ ಎಲ್ಲೋ ಹೋಗುತ್ತದೆ. ಅಥವಾ ಕೆರೆಯಲ್ಲಿ ಬಿಲ್ಲೆಕಲ್ಲು ಎಸೆದು ಕಪ್ಪೆ ಹಾರಿಸಿದ್ದನ್ನು ನೆನೆಯಿರಿ. ಓರೆಯಾಗಿ ಬಿದ್ದ ಕಲ್ಲು ಪುಟಿಪುಟಿದು ಆಚೆ ದಡದ ಕಡೆಗೆ ಓಡುತ್ತದೆ, ಎಸೆದವನ ಬಳಿಗೆ ಬರುವುದಿಲ್ಲ. ಓರೆ ಸೂಜಿಗೆ ತಾಗಿದ ಶಬ್ದವೂ ಹಾಗೇ. ಪ್ರೋಬಿಗೆ ವಾಪಸ್ ಬರದ ಶಬ್ದಕ್ಕೆ ಚಿತ್ರವಿಲ್ಲ. ಸೂಜಿ ಅಲ್ಲೇ ಇದ್ದರೂ ನಮ್ಮ ಕಣ್ಣಿಗಿಲ್ಲ.

ಬೋರಲು ಮಲಗಿದವರಿಗೆ ಪ್ರೋಬಿನ ಪಕ್ಕದಲ್ಲೇ ಚುಚ್ಚಿದರೆ ಸೂಜಿ ಕಡಿದಾಗಿ ಇಳಿಯುತ್ತದೆ, ಮಸುಕು ಮಸುಕು. ಅಂಗಾತ ಮಲಗಿದವರಿಗೆ ಪ್ರೋಬ್ ತೊಡೆಯಡಿ, ಸೂಜಿ ತೊಡೆಯ ಹೊರಮಗ್ಗುಲಿನಿಂದ ಅಡ್ಡಡ್ಡ. ಎರಡೂ ಸಮಾನಾಂತರ. ಶಬ್ದ ನೇರವಾಗಿ ತಾಗಿ ನೇರವಾಗಿ ಮರಳುತ್ತದೆ, ಸೂಜಿ ಟ್ಯೂಬ್‌ಲೈಟಿನ ಹಾಗೆ ಬೆಳಗುತ್ತದೆ. ನರಕ್ಕೂ ಇದೇ ನಿಯಮ. ಸಯಾಟಿಕ್ ನರ ಮೊಣಕಾಲಿನ ಕಡೆಗೆ ಬಂದಂತೆ ಚರ್ಮಕ್ಕೆ ಹತ್ತಿರವಾಗುತ್ತ ಓರೆಯಾಗಿ ಸಾಗುತ್ತದೆ. ಪ್ರೋಬಿನ ಮುಖವನ್ನು ಒಂದಿಷ್ಟು ಪಾದದ ಕಡೆಗೆ ವಾಲಿಸಿದೆವೋ, ಅಲ್ಲಿಯವರೆಗೆ ಕೊಬ್ಬಿನಲ್ಲಿ ಕಳೆದುಹೋಗಿದ್ದ ನರ ಜೇನುಗೂಡಿನ ಹಾಗೆ ಎದ್ದು ಕಾಣುತ್ತದೆ. ಮತ್ತೆ ವಾಲಿಸಿ, ಮಾಯ. ಹತ್ತು ವರ್ಷದಿಂದ ನೋಡುತ್ತಿದ್ದೇನೆ, ಬೇಸರ ಬಂದಿಲ್ಲ.

ಇನ್ನೂ ಅನುಮಾನವಿದ್ದರೆ ಪಾದ ಆಡಿಸಲು ಹೇಳುತ್ತೇವೆ. ಹಳ್ಳಿಯ ಏತದ ಹಾಗೆ, ಟಿಬಿಯಲ್ ಏರಿದರೆ ಪೆರೋನಿಯಲ್ ಇಳಿಯುತ್ತದೆ. ಸುತ್ತಲಿನ ಮಾಂಸಖಂಡ ಹಾಗೆ ಜೋಡಿಯಾಗಿ ಕುಣಿಯುವುದಿಲ್ಲ. ಮುರಿದ ಕಾಲ್ಗಿಣ್ಣನ್ನು ಆಡಿಸುವಂತಿರಲಿಲ್ಲವಾದ್ದರಿಂದ ಅಜ್ಜಿಗೆ "ಬೆರಳಷ್ಟೇ ಮೇಲಕ್ಕೆತ್ತಿ" ಅಂದೆ.

ಹೇಗೆ ಮಲಗಿಸಬೇಕು ಎಂಬ ತಲೆನೋವು ಈ ವಿದ್ಯೆಯಷ್ಟೇ ಹಳೆಯದು. 1898ರ ಆಗಸ್ಟ್ 16ರಂದು ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬಿಯರ್ ಮೊದಲ ಬಾರಿಗೆ ಬೆನ್ನುಹುರಿಯ ದ್ರವಕ್ಕೆ ಕೊಕೇನ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿದ್ದೂ ಕ್ಷಯ ತಗುಲಿದ ಕಾಲ್ಗಿಣ್ಣಿಗೇ. ಎಂಟು ದಿನ ಬಿಟ್ಟು ಅವರೂ ಸಹಾಯಕ ಹಿಲ್ಡೆಬ್ರಾಂಟರೂ ಪರಸ್ಪರರ ಮೇಲೆ ಪ್ರಯೋಗಕ್ಕಿಳಿದರು. ಸಿರಿಂಜು ಸೂಜಿಗೆ ಕೂಡಿಕೊಳ್ಳದೆ ಬಿಯರರ ದ್ರವ ಸೋರಿಹೋಯಿತು. ಹಿಲ್ಡೆಬ್ರಾಂಟರಿಗೆ ಮದ್ದು ಹಿಡಿಯಿತು. ಹಿಡಿದಿದೆಯೇ ಎಂದು ನೋಡಲು ಕೂದಲು ಕಿತ್ತರು, ಸಿಗಾರ್ ಕೆಂಡ ಮುಟ್ಟಿಸಿದರು, ಮೊಣಕಾಲ ಕೆಳಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆದರು! ಮುಂದೆ ದಿನಗಟ್ಟಲೆ ಹಾಸಿಗೆ ಹಿಡಿದ ಬಿಯರ್ ಗಮನಿಸಿದ್ದು ಒಂದು: ಎದ್ದರೆ ತಲೆನೋವು, ಮಲಗಿದರೆ ಮಾಯ. ಇನ್ನು 1975ರಲ್ಲಿ, ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಪೃಥ್ವಿ ರಾಜ್ ಮತ್ತು ಸಂಗಡಿಗರು ರೋಗಿಯನ್ನು ಹೊರಳಿಸದೆ, ಅಂಗಾತದಲ್ಲೇ ಸೊಂಟ ಮತ್ತು ಮಂಡಿ ಮಡಚಿ, ಸಯಾಟಿಕ್ ಬ್ಲಾಕ್ ಕೊಡುವ ದಾರಿ ಬರೆದರು. ಹಾಗೆ ಮಡಚಿದಾಗ ಪೃಷ್ಠದ ದಪ್ಪ ಮಾಂಸ ಹಿಗ್ಗಿ ತೆಳ್ಳಗಾಗುತ್ತದೆ, ನರ ಹತ್ತಿರ ಸಿಗುತ್ತದೆ. ಆಗ ಸ್ಕ್ರೀನು ಇರಲಿಲ್ಲ. ಮೂಳೆಯ ಉಬ್ಬು ಮುಟ್ಟಿ ನೋಡಿ ಅಂದಾಜು ಮಾಡಬೇಕಿತ್ತು.

ಮಗನಿಗೆ ಇನ್ನೊಂದು ಚಿಂತೆಯೂ ಇತ್ತು. ಒಳಗೆ ಕರೆದೊಯ್ಯುವಾಗ ತಡೆದು, "ಅಮ್ಮನ ತಲೆ ಉತ್ತರಕ್ಕೆ ಬರಲ್ಲ ತಾನೇ?" ಎಂದು ಕೇಳಿದ. ಉತ್ತರಕ್ಕೆ ತಲೆ ಹಾಕಿದರೆ ರಕ್ತದ ಕಬ್ಬಿಣವನ್ನು ಭೂಮಿಯ ಅಯಸ್ಕಾಂತ ಎಳೆಯುತ್ತದೆ ಎಂಬ ವಾಟ್ಸಾಪ್ ವಿಜ್ಞಾನ ಬೇರೆ. ಹಿಮೋಗ್ಲೋಬಿನ್ನಿನ ಕಬ್ಬಿಣ ಮೊಳೆಯ ಕಬ್ಬಿಣದ ಹಾಗೆ ಅಲ್ಲ. ಹಾಗಿದ್ದಿದ್ದರೆ ಎಂಆರ್‌ಐ ಯಂತ್ರದೊಳಗೆ ಹೋದವರು ಜೀವಂತ ಹೊರಬರುತ್ತಿರಲಿಲ್ಲ. ನಮ್ಮ ಟೇಬಲ್ಲನ್ನು ನಾನು ತಿರುಗಿಸಿದ್ದು ನಿಜ, ಆದರೆ ನನ್ನ ಕಣ್ಣು, ಸೂಜಿ, ಸ್ಕ್ರೀನು ಮೂರೂ ಒಂದೇ ಗೆರೆಗೆ ಬರಲಿ ಎಂದು. ತಲೆ ಪೂರ್ವಕ್ಕೆ ಬಂತು. ಮಗನಿಗೆ ಸಮಾಧಾನ, ನಾನು ವಾದಕ್ಕೆ ಹೋಗಲಿಲ್ಲ.

ಸಫೀನಸ್ಸಿಗೆ ಕಾಲನ್ನು ಹೊರಕ್ಕೆ ಹೊರಳಿಸಿ, ಮಂಡಿ ಕೊಂಚ ಮಡಚಿ, ತೊಡೆಯ ಒಳಬದಿಯಲ್ಲಿ ಇನ್ನೊಂದು ಇಂಜೆಕ್ಷನ್. ಅದು ಎರಡು ನಿಮಿಷದ ಕೆಲಸ. ರಕ್ತ ತಡೆಯುವ ಪಟ್ಟಿಯನ್ನು ತೊಡೆಗೆ ಬಿಗಿದರೆ ಈ ಎರಡು ಬ್ಲಾಕ್‌ಗಳು ಸಾಲವು, ಆದ್ದರಿಂದ ಮೀನಖಂಡಕ್ಕೆ ಕಟ್ಟಿಸಿದೆ.

ಆಮೇಲೆ ಬರುವುದು ಹೆಚ್ಚಿನವರು ಮರೆಯುವ ಕೆಲಸ. ಚಕ್ಕಳಮಕ್ಕಳ ಕೂತು ಪಾದ ಜೋಮು ಹಿಡಿದಾಗ ನಾವು ಎದ್ದು ಕೊಡವುತ್ತೇವೆ. ಮೊಣಕಾಲ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಪೆರೋನಿಯಲ್ ನರ ಮೂಳೆಯನ್ನು ಬಳಸಿ ಚರ್ಮದ ಕೆಳಗೇ ಹಾಯುತ್ತದೆ. ಟೇಬಲ್ಲಿನ ಅಂಚು ಗಂಟೆಗಟ್ಟಲೆ ಒತ್ತಿದರೆ ವಾರಗಟ್ಟಲೆ ಪಾದ ಎತ್ತಲಾಗದು. ಮರಗಟ್ಟಿದ ಕಾಲು "ಜೋಮು ಹಿಡೀತು" ಎಂದು ದೂರುವುದೂ ಇಲ್ಲ. ಮೆತ್ತೆ ನಾವೇ ನೆನಪಿಟ್ಟು ಕೊಡಬೇಕು.

ಇಪ್ಪತ್ತು ನಿಮಿಷ ಕಳೆಯಿತು. ಸ್ಟೂಲು ತೆಗೆದು, ಮೆತ್ತೆಯ ಮೇಲೆ ಕಾಲಿಟ್ಟು ಕೇಳಿದೆ.

"ಅಜ್ಜಿ, ಬೆರಳು ಮೇಲಕ್ಕೆತ್ತಿ ನೋಡಣ."

"ಆಗಿಂದ ಎತ್ತಿಕೊಂಡೇ ಇದ್ದೀನಲ್ಲಪ್ಪಾ, ಇಳಿಸ್ಲಾ?"

ಬೆರಳುಗಳು ಕೆಳಕ್ಕೆ ಜೋತು ಬಿದ್ದಿದ್ದವು. ಸರ್ಜನ್ನಿಗೆ ಕೈ ತೊಳೆಯಲು ಹೇಳಿದೆ.