ಬೆನ್-ಹರ್ ರಥದ ಓಟದಲ್ಲಿ ನಿಜವಾಗಿಯೂ ಒಬ್ಬ ಸತ್ತನಾ?

ಪ್ರಶ್ನೆ: 1959ರ ‘ಬೆನ್-ಹರ್’ ಸಿನಿಮಾದ ರಥದ ಓಟದ ಶೂಟಿಂಗ್ ವೇಳೆ ಒಬ್ಬ ಸ್ಟಂಟ್‌ಮನ್ ಸತ್ತನಂತೆ, ಅವನು ಸಾಯುವ ದೃಶ್ಯವನ್ನೇ ಸಿನಿಮಾದಲ್ಲಿ ಉಳಿಸಿಕೊಂಡರಂತೆ. ಇದು ನಿಜವಾ?

ಉತ್ತರ: ಇಲ್ಲ. ಆ ಓಟದಲ್ಲಿ ಯಾರೂ ಸಾಯಲಿಲ್ಲ. ಆದರೆ ಈ ಮಾತು ಸುಮ್ನೆ ಹುಟ್ಟಿದ್ದೂ ಅಲ್ಲ. ಅದರ ಬೇರು ಅದಕ್ಕೂ 34 ವರ್ಷ ಹಿಂದಿನ ಇನ್ನೊಂದು ‘ಬೆನ್-ಹರ್’ನಲ್ಲಿದೆ.

ಜನ ತೋರಿಸುವ ದೃಶ್ಯ ಯಾವುದು ಅಂತ ಮೊದಲು ನೋಡೋಣ. ಓಟದ ನಡುವೆ ಎರಡು ರಥಗಳು ಮುರಿದು ದಾರಿಗೆ ಅಡ್ಡ ಬಿದ್ದಿರುತ್ತವೆ. ನಾಯಕ ಜೂಡಾನ ನಾಲ್ಕು ಬಿಳಿ ಕುದುರೆಗಳು ಅವುಗಳ ಮೇಲಿಂದ ಹಾರುತ್ತವೆ, ಹಿಂದೆಯೇ ರಥವೂ ಹಾರುತ್ತದೆ. ಆ ಹೊಡೆತಕ್ಕೆ ರಥದೊಳಗಿದ್ದವನು ತಲೆಕೆಳಗಾಗಿ ಮುಂದಕ್ಕೆ ಎಸೆಯಲ್ಪಡುತ್ತಾನೆ. ಮೊದಲ ಸಲ ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ. ಇವನು ಉಳಿದಿರಲಿಕ್ಕಿಲ್ಲ ಅನ್ನಿಸುವುದು ಸಹಜವೇ.

ಅವನು ಜೋ ಕನಟ್. ನಾಯಕ ನಟ ಚಾರ್ಲ್‌ಟನ್ ಹೆಸ್ಟನ್‌ನ ಬದಲಿಗೆ ರಥ ಓಡಿಸುತ್ತಿದ್ದ ಹುಡುಗ. ಮುಂದಕ್ಕೆ ಬಿದ್ದವನು ರಥದ ಕಂಬಿ ಬಿಡಲಿಲ್ಲ. ಕುದುರೆಗಳ ಹಿಂಗಾಲಿಗೂ ಚಕ್ರಕ್ಕೂ ನಡುವೆ ಜೋತುಬಿದ್ದು ಹೇಗೋ ಬಚಾವಾದ. ಗದ್ದಕ್ಕೆ ಗಾಯವಾಗಿ ಹೊಲಿಗೆ ಬಿತ್ತು, ಅಷ್ಟೇ. ಅವನು ಹಾಗೆ ಬೀಳುವುದು ಯೋಜನೆಯಲ್ಲಿ ಇರಲೇ ಇಲ್ಲ. ಶಾಟ್ ಅಷ್ಟು ಚೆನ್ನಾಗಿ ಬಂದಿತ್ತು ಅಂತ ಅದನ್ನು ಉಳಿಸಿಕೊಂಡರು. ಹೆಸ್ಟನ್ ಮುಂಬದಿಯಿಂದ ರಥದೊಳಗೆ ಹತ್ತಿಕೊಂಡು ಬರುವ ಹತ್ತಿರದ ಶಾಟ್ ಬೇರೆ ತೆಗೆದು ಅದರ ನಂತರ ಜೋಡಿಸಿದರು. ಗಮನಿಸಿ ನೋಡಿದರೆ ಆ ಜೋಡಣೆ ನಿಮಗೂ ಗೊತ್ತಾಗುತ್ತದೆ.

ಜೋನನ್ನು ಆ ರಥಕ್ಕೆ ಹತ್ತಿಸಿದ್ದು ಅವನ ಸ್ವಂತ ತಂದೆ. ಯಕಿಮಾ ಕನಟ್ ಎಂಬ ಆ ಮನುಷ್ಯ ಮೊದಲು ರೋಡಿಯೋ ಕುದುರೆ ಸವಾರ, ಆಮೇಲೆ ಹಾಲಿವುಡ್‌ನ ದೊಡ್ಡ ಸ್ಟಂಟ್‌ಮನ್. 1939ರ ‘ಸ್ಟೇಜ್‌ಕೋಚ್’ನಲ್ಲಿ ಓಡುವ ಕುದುರೆಗಳ ನಡುವೆ ಬಿದ್ದು, ಗಾಡಿಯ ಅಡಿಯಲ್ಲಿ ಜಾರಿ ಹೋದವನು ಅವನೇ. ‘ಬೆನ್-ಹರ್’ನ ನಿರ್ದೇಶಕ ವಿಲಿಯಂ ವೈಲರ್. ಆದರೆ ರಥದ ಓಟವನ್ನು ತೆಗೆದದ್ದು ಯಕಿಮಾ ಮತ್ತು ಆಂಡ್ರ್ಯೂ ಮಾರ್ಟನ್ ಸೇರಿ. ಇದು ಬಹಳ ಜನರಿಗೆ ಗೊತ್ತಿಲ್ಲ. ಸಿನಿಮಾಕ್ಕೆ 11 ಆಸ್ಕರ್ ಬಂದರೂ ಯಕಿಮಾನ ಕೆಲಸಕ್ಕೆ ಕೊಡಲು ಆಗ ಅಲ್ಲಿ ಒಂದು ವಿಭಾಗವೇ ಇರಲಿಲ್ಲ. ಅವನಿಗೆ ಗೌರವ ಆಸ್ಕರ್ ಸಿಕ್ಕಿದ್ದು ವರ್ಷಗಳ ನಂತರ.

ಅವನ ತಯಾರಿ ನೋಡಿ. ರೋಮ್‌ನ ಚಿನೆಚಿತ್ತಾ ಸ್ಟುಡಿಯೋದಲ್ಲಿ ಸುಮಾರು 18 ಎಕರೆಯ ಓಟದ ಕಣ ಕಟ್ಟಿದರು. ಯುಗೊಸ್ಲಾವಿಯಾ ಮತ್ತು ಸಿಸಿಲಿಯಿಂದ 78 ಕುದುರೆ ತರಿಸಿದರು. ಗ್ಲೆನ್ ರ‍್ಯಾಂಡಲ್ ಎಂಬ ಪಳಗಿದ ತರಬೇತುದಾರ ತಿಂಗಳುಗಟ್ಟಲೆ ಅವುಗಳನ್ನು ನಾಲ್ಕು ನಾಲ್ಕಾಗಿ ಓಡಿಸಿ ಅಭ್ಯಾಸ ಮಾಡಿಸಿದ. ಹೆಸ್ಟನ್ ಕೂಡ ವಾರಗಟ್ಟಲೆ ರಥ ಓಡಿಸುವುದನ್ನು ಕಲಿತ. ಇಷ್ಟೆಲ್ಲ ರಥಗಳ ನಡುವೆ ನಾನು ಗೆಲ್ಲುವುದು ಹೇಗೆ ಅಂತ ಅವನಿಗೆ ಅಳುಕು. ನೀನು ರಥದಿಂದ ಬೀಳದೆ ನಿಂತಿರು ಸಾಕು, ಗೆಲ್ಲಿಸುವುದು ನನಗೆ ಬಿಡು ಎಂದು ಯಕಿಮಾ ಧೈರ್ಯ ಹೇಳಿದ್ದನ್ನು ಹೆಸ್ಟನ್ ಎಷ್ಟೋ ಸಲ ನೆನೆದಿದ್ದಾನೆ. ಸೆಟ್ ಪಕ್ಕದಲ್ಲೇ ಡಾಕ್ಟರು, ನರ್ಸುಗಳನ್ನು ಇಟ್ಟಿದ್ದರು. ಅವರ ಬಳಿ ಬಂದವರಲ್ಲಿ ಬಿಸಿಲಿಗೆ ಮೈ ಸುಟ್ಟುಕೊಂಡವರೇ ಜಾಸ್ತಿ.

ಹಾಗಾದರೆ ಕುದುರೆಗಳ ಕಾಲಿಗೆ ಸಿಕ್ಕಿ ತುಳಿಸಿಕೊಳ್ಳುವವರು ಯಾರು? ಕೈಕಾಲು ಮಡಚುವ ಹಾಗೆ ಮಾಡಿದ ಬೊಂಬೆಗಳು. ಓಟದಲ್ಲಿ ಜೂಡಾನ ಎದುರಾಳಿಯಾದ ಮೆಸಾಲಾನನ್ನು ಕುದುರೆಗಳು ನೆಲದ ಮೇಲೆ ಎಳೆದುಕೊಂಡು ಹೋಗುವ ಕೆಲವು ಶಾಟ್‌ಗಳಲ್ಲಿ ಮಾತ್ರ ನಟ ಸ್ಟೀಫನ್ ಬಾಯ್ಡ್ ತಾನೇ ಇದ್ದ, ಬಟ್ಟೆಯ ಒಳಗೆ ಉಕ್ಕಿನ ರಕ್ಷಣೆ ತೊಟ್ಟು. ಒಬ್ಬ ಬ್ರಿಟಿಷ್ ಸ್ಟಂಟ್‌ಮನ್ ತನ್ನ ಕಣ್ಣೆದುರೇ ಸಾವು ನಡೆಯಿತು ಎಂದು ಆತ್ಮಕಥೆಯಲ್ಲಿ ಬರೆದದ್ದು ಹೌದು. ಆದರೆ ಸತ್ತವನ ಹೆಸರು, ಪೊಲೀಸ್ ಕಾಗದ, ಪತ್ರಿಕೆಯ ಸುದ್ದಿ ಯಾವುದೂ ಅದಕ್ಕೆ ಬೆಂಬಲವಾಗಿ ಬಂದಿಲ್ಲ. ಪತ್ರಿಕೆಗಳ ಕಣ್ಣು ಸದಾ ನೆಟ್ಟಿದ್ದ ಅಷ್ಟು ದೊಡ್ಡ ಶೂಟಿಂಗ್‌ನಲ್ಲಿ ಒಂದು ಸಾವನ್ನು ಮುಚ್ಚಿಡುವುದು ಆಗದ ಮಾತು ಅಂತ ನನಗನ್ನಿಸುತ್ತದೆ.

ಈಗ 1925ಕ್ಕೆ ಹೋಗೋಣ. ಅದು ಮೂಕಿ ‘ಬೆನ್-ಹರ್’. ನಿರ್ದೇಶಕ ಫ್ರೆಡ್ ನಿಬ್ಲೊ, ನಾಯಕ ರಮೋನ್ ನೊವಾರೊ. ರಥದ ಓಟವನ್ನು ಮೊದಲು ಇಟಲಿಯಲ್ಲೇ ತೆಗೆಯಲು ಹೊರಟರು. ಅಲ್ಲಿ ಒಂದು ರಥದ ಚಕ್ರ ಮುರಿದು ಅದನ್ನು ಓಡಿಸುತ್ತಿದ್ದವನು ಸತ್ತ ಎಂದು ಮೆಸಾಲಾ ಪಾತ್ರ ಮಾಡಿದ್ದ ಫ್ರಾನ್ಸಿಸ್ ಬುಷ್‌ಮನ್ ಮುಂದೆ ಹೇಳಿದ. ಇಂದು 1959ರ ಸಿನಿಮಾಕ್ಕೆ ಅಂಟಿಸುವ ಕತೆ ಹುಟ್ಟಿದ್ದು ಇಲ್ಲಿಂದ ಎನ್ನುವುದು ನನ್ನ ನಂಬಿಕೆ. ಇಟಲಿಯ ಕೆಲಸ ಕೈಬಿಟ್ಟು ಓಟವನ್ನು ಲಾಸ್ ಏಂಜಲೀಸ್‌ನಲ್ಲಿ ಹೊಸ ಕಣ ಕಟ್ಟಿ ತೆಗೆದರು. 42 ಕ್ಯಾಮೆರಾ ಇಟ್ಟರು. ಓಡಿಸುವವರು ನಿಜವಾಗಿ ಪೈಪೋಟಿಗೆ ಬೀಳಲಿ ಅಂತ ಗೆದ್ದವನಿಗೆ ಬಹುಮಾನ ಹಣ ಇಟ್ಟರು! ರಥಗಳು ಒಂದರ ಮೇಲೊಂದು ಬಿದ್ದು ರಾಶಿಯಾದವು. ಆ ಡಿಕ್ಕಿ ಸಿನಿಮಾದಲ್ಲಿ ಇಂದಿಗೂ ಇದೆ.

ಎಲ್ಲಕ್ಕಿಂತ ಜಾಸ್ತಿ ಸತ್ತದ್ದು ಕುದುರೆಗಳು. ಆ ಒಂದು ಸಿನಿಮಾಕ್ಕೆ ನೂರರಷ್ಟು ಕುದುರೆಗಳು ಬಲಿಯಾದವು ಎಂಬ ಲೆಕ್ಕ ಆಗಿನವರ ನೆನಪಿನಲ್ಲಿ ಉಳಿದಿದೆ. ಕುಂಟಿದ ಕುದುರೆಗೆ ಮದ್ದು ಮಾಡುವ ಬದಲು ಗುಂಡು ಹೊಡೆಯುತ್ತಿದ್ದರಂತೆ. ಓದಿದಾಗ ನನಗೆ ತುಂಬಾ ಸಂಕಟವಾಯಿತು. 1930ರ ದಶಕದಲ್ಲೂ ಓಡುವ ಕುದುರೆಯ ಕಾಲಿಗೆ ತಂತಿ ಕಟ್ಟಿ ಬೀಳಿಸುವುದು ಹಾಲಿವುಡ್‌ನಲ್ಲಿ ಮಾಮೂಲಾಗಿತ್ತು. ಜನರ ಸಿಟ್ಟು ಏರಿದ ಮೇಲೆ, 1940ರಿಂದ, ಅಮೆರಿಕನ್ ಹ್ಯೂಮೇನ್ ಅಸೋಸಿಯೇಷನ್ ಎಂಬ ಪ್ರಾಣಿದಯಾ ಸಂಘದವರು ಶೂಟಿಂಗ್ ಜಾಗಕ್ಕೆ ಬಂದು ಪ್ರಾಣಿಗಳನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ಪರಿಶೀಲಿಸಲು ಶುರು ಮಾಡಿದರು.

1925ರ ಆ ಓಟದ ದಿನ ಕಣದಲ್ಲಿ ಓಡಾಡುತ್ತಿದ್ದ ಸಹಾಯಕ ನಿರ್ದೇಶಕರಲ್ಲಿ ಒಬ್ಬ ಎಳೆಯ ಹುಡುಗನಿದ್ದ. ಅವನೇ ವಿಲಿಯಂ ವೈಲರ್. ಎರಡೂ ಓಟಗಳನ್ನು ಒಂದಾದ ಮೇಲೊಂದು ನೋಡಿ. ಮೊದಲನೆಯದರಲ್ಲಿ ಬೀಳುವ ಕುದುರೆಗಳು ನಿಜವಾಗಿಯೇ ಬೀಳುತ್ತಿವೆ. ಎರಡನೆಯದರಲ್ಲಿ ಮೈ ಜುಮ್ಮೆನ್ನಿಸುವುದರ ಬಹುಪಾಲು ಲೆಕ್ಕ ಹಾಕಿ ಮಾಡಿದ್ದು. ಯಾರೋ ಸತ್ತರಂತೆ ಅಂತ ನಾವು ಹೇಳುತ್ತಾ ಹೋದಾಗ, ಯಾರೂ ಸಾಯದ ಹಾಗೆ ಅದನ್ನು ತೆಗೆದವರ ದುಡಿಮೆಯೇ ಮರೆಯಾಗಿಬಿಡುತ್ತದೆ, ಅಲ್ವಾ?

1959ರ ಚಿತ್ರತಂಡ ಕಳೆದುಕೊಂಡವರು ಬೇರೆಯವರು, ನಿರ್ಮಾಪಕ ಸ್ಯಾಮ್ ಜಿಂಬಲಿಸ್ಟ್. ಚಿತ್ರೀಕರಣ ಇನ್ನೂ ನಡೆಯುತ್ತಿದ್ದಾಗಲೇ, 1958ರ ನವೆಂಬರ್ 4ರಂದು, ರೋಮ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು.  ಅತ್ಯುತ್ತಮ ಚಿತ್ರದ ಆಸ್ಕರ್ ಅನ್ನು 1960ರಲ್ಲಿ ಅವರ ಪರವಾಗಿ ಅವರ ಹೆಂಡತಿ ಮೇರಿ ವೇದಿಕೆಗೆ ಬಂದು ತೆಗೆದುಕೊಂಡರು.